ಗಂಗಾಬಾಯಿಯ ಹೆಪ್ಪು

ನಿಂಬರ್ಗಾದ ಗುರುಶಾಂತನ ಹಸಿವೆಯೂ ಹೋಗಿತ್ತು, ನಗುವೂ ಹೋಗಿತ್ತು. ರೊಟ್ಟಿ ಕಂಡರೆ ಅಳು ಬರುತ್ತಿತ್ತು. ಆಳಂದದ ಡಾಕ್ಟರರು ಗುಳಿಗೆ ಬರೆದುಕೊಟ್ಟು, "ಹೊಟ್ಟಿಯೊಳಗ ಕೋಟಿಗಟ್ಟಲೆ ಸೂಕ್ಷ್ಮಜೀವಿ ಅದಾವ. ಹಸಿವಿ, ದುಃಖ ಎರಡರಾಗೂ ಅವುಗಳ ಕೈ ಇರ್ತದ. ಮೊಸರೂ ಉಣ್ರಿ" ಎಂದರು.

ಓಣಿಗೆ ಇಷ್ಟೇ ಸಾಕಿತ್ತು. ಕೇಳದೆ ಬುದ್ಧಿ ಹೇಳುವವರಿಗೆ ನಿಂಬರ್ಗಾದಲ್ಲಿ ಎಂದೂ ಬರ ಬಿದ್ದಿಲ್ಲ. ಮರುದಿನ ಬೆಳಿಗ್ಗೆಯೇ ಪಕ್ಕದ ಮನೆಯ ವಿಧವೆ ಗಂಗಾಬಾಯಿ ಮೊಸರಿನ ಗಡಿಗೆ ಹಿಡಿದು ಬಂದಳು.

"ನಮ್ಮ ಯಜಮಾನ್ರು ಇದ್ದಾಗಿನ ಹೆಪ್ಪು ಇದು. ಅವರು ಹೋದ್ರು, ಹೆಪ್ಪು ಮಾತ್ರ ಒಂದಿನಾನೂ ಕೆಡಗೊಟ್ಟಿಲ್ಲ" ಎಂದಳು.

ಗುರುಶಾಂತ ಒಂದು ಬಟ್ಟಲು ಉಂಡ. ಮಧ್ಯಾಹ್ನಕ್ಕೆ ಹಸಿವೆ ಕೆರಳಿತು! ಹೆಂಡತಿ ನಾಗರತ್ನಾ ಹಿಗ್ಗಿನಿಂದ ಬಿಸಿ ರೊಟ್ಟಿ, ಪುಂಡಿಪಲ್ಯ ಬಡಿಸಿದಳು. ಅವನು ತಾಟನ್ನು ಟಕ್ ಟಕ್ ಎಂದು ಬೆರಳಿನಿಂದ ಬಡಿದು, "ಗಂಗೀ, ಬೆಲ್ಲ ತೊಗೊಂಬಾ ಬೇ" ಎಂದ.

ನಾಗರತ್ನಾಳ ಕೈಯಿಂದ ಸೌಟು ಬಿತ್ತು. ತಾಟು ಬಡಿಯುವುದು, ಪುಂಡಿಪಲ್ಯಕ್ಕೆ ಬೆಲ್ಲ ಕಲಸುವುದು ಗಂಗಾಬಾಯಿಯ ಸತ್ತ ಗಂಡ ಶಾಂತಲಿಂಗಪ್ಪನ ಚಾಳಿ ಎಂದು ಓಣಿಗೆಲ್ಲ ಗೊತ್ತಿತ್ತು.

"ನಾ ಅಂದಿಲ್ಲ ಬೇ, ಬಾಯೇ ಅಂತು" ಎಂದು ಗುರುಶಾಂತ ನಡುಗಿದ. ನಡುಗುತ್ತಲೇ ಐದು ರೊಟ್ಟಿ ತಿಂದ.

ಸುದ್ದಿ ಕೇಳಿ ಓಣಿಯೇ ಬಾಗಿಲಿಗೆ ಬಂತು. "ದೆವ್ವರ ಇರ್ಲಿ, ದೇವರರ ಇರ್ಲಿ, ಉಣದಾವ ಐದು ರೊಟ್ಟಿ ಉಂಡಾನ! ನನಗೂ ಒಂದು ಚಮಚ ಕೊಡ್ರಿ" ಎಂದ ಎದುರು ಮನೆಯ ಚಂದ್ರಾಮ. ಅವನ ಹಿಂದೆ ಉಳಿದವರೂ ಅಂಗೈ ಚಾಚಿ, ಒಂದೊಂದು ಚಮಚ ಮೊಸರು ಇಸಿದುಕೊಂಡು ನೆಕ್ಕಿದರು.

ಗುರುಶಾಂತನಿಗೆ ಮಾತ್ರ ಜೀವ ಬಾಯಿಗೆ ಬಂದಿತ್ತು. ಇನ್ನೊಬ್ಬನ ಹಸಿವೆಯಿಂದ ಉಣ್ಣುವುದಕ್ಕಿಂತ ತನ್ನ ಉಪವಾಸವೇ ಮೇಲೆನಿಸಿತು. ಉಳಿದ ಮೊಸರನ್ನು ತಿಪ್ಪೆಗೆ ಚೆಲ್ಲಿದ. ಒಳಗಿದ್ದವನು ಎರಡನೆಯ ಸಲ ಸಾಯಲೆಂದು ಲೋಟದ ತುಂಬ ಬೇವಿನ ರಸ ಕುಡಿದ. ಸಂಜೆಗೆ ಹಸಿವೆ ಇಂಗಿಹೋಯಿತು. ರೊಟ್ಟಿ ಕಂಡು ಮತ್ತೆ ಅಳು ಬಂತು. ಈ ಅಳುವಾದರೂ ತನ್ನದೇ ಎಂದು ಅವನಿಗೆ ಸಮಾಧಾನವಾಯಿತು.

ಓಣಿ ಊಟಕ್ಕೆ ಕೂತಿತು. ಚಂದ್ರಾಮನ ಮನೆಯಿಂದ ಟಕ್ ಟಕ್ ಎಂದು ಸದ್ದು ಬಂತು. ಅದರಾಚೆಯ ಮನೆಯಿಂದ ಟಕ್ ಟಕ್. ಗುರುಶಾಂತ ಹಣಿಕಿ ನೋಡಿದ. ಗಂಗಾಬಾಯಿ ಬೆಲ್ಲದ ಡಬ್ಬಿ ಹಿಡಿದು, ಮದುವಣಗಿತ್ತಿಯ ಹಾಗೆ ನಾಚುತ್ತ ಮನೆಯಿಂದ ಮನೆಗೆ ಓಡಾಡುತ್ತಿದ್ದಳು.

"ನಾಗೂ, ಬಾಗಿಲಾ ಹಾಕು ಬೇ!" ಎಂದು ಅವನು ಒಳಗೆ ಓಡಿದ.

ನಾಗರತ್ನಾ ತಾಟಿನ ಮುಂದೆ ಕೂತಿದ್ದಳು. ಮೊಸರು ಚೆಲ್ಲುವ ಮುಂಚೆ ಅವಳೂ ಒಂದು ಚಮಚ ರುಚಿ ನೋಡಿದ್ದಳು.

ಟಕ್ ಟಕ್.

"ಬಾಗಿಲಾ ಯಾಕ ಹಾಕ್ತಿ ಲೇ, ಗುರುಶಾಂತಾ?" ಎಂದಳು ಅವಳು, ಗಂಡುದನಿಯಲ್ಲಿ. "ನಮ್ಮ ಗಂಗಿ ಬರಾಕತ್ತಾಳ."