ಮುಷ್ಕರದಲ್ಲಿ ದರ್ಜಿಯ ಪಾಲು

ಊರಿನ ಗಂಡಂದಿರಿಗೆಲ್ಲ ಗ್ರಹಚಾರ ಕೆಟ್ಟಿದ್ದ ಕಾಲದಲ್ಲಿ ದರ್ಜಿಗೆ ಮಾತ್ರ ಶುಕ್ರದೆಸೆ ತಿರುಗಿತ್ತು.

ಪುರಸಭೆಯವರು ಹೆರಿಗೆ ಆಸ್ಪತ್ರೆಗೆ ಬೀಗ ಜಡಿದು, ‘ಹೆರುವವರು ಪಕ್ಕದ ಊರಿಗೆ ಹೋಗಲಿ’ ಎಂದು ಅಪ್ಪಣೆ ಕೊಡಿಸಿದ್ದರು. ಮಹಿಳಾ ಸಂಘ ಅದಕ್ಕೆ ತಕ್ಕ ಉತ್ತರವನ್ನೇ ಹುಡುಕಿತು: ಹೆರಿಗೆ ಕೋಣೆ ತೆರೆಯುವವರೆಗೆ ಮಲಗುವ ಕೋಣೆಯೂ ಬಂದ್! ಗಂಡಂದಿರು ಚಾಪೆ ಸುತ್ತಿಕೊಂಡು ಹಜಾರಕ್ಕೆ ಬಂದರು. (ಪುರಸಭೆಯ ಅಧ್ಯಕ್ಷರೂ ಬಂದರು. ಅವರದು ಸೋಫಾ, ಅಷ್ಟೇ ವ್ಯತ್ಯಾಸ.)

ದರ್ಜಿಯ ಮನೆಯಲ್ಲಿ ಈ ಬಂದ್ ಎಂದೋ ಜಾರಿಗೆ ಬಂದಿತ್ತು. ಒಮ್ಮೆ ಅವನಿಗೆ ಕೆಮ್ಮು ಹಿಡಿದಾಗ ಹೆಂಡತಿ ದಿಂಬು ಎತ್ತಿಕೊಂಡು ಪಕ್ಕದ ಕೋಣೆಗೆ ಹೋಗಿದ್ದಳು. ಕೆಮ್ಮು ವಾಸಿಯಾಯಿತು, ದಿಂಬು ವಾಪಸಾಗಲಿಲ್ಲ. ಕರೆಯೋಣವೆಂದರೆ ಇವನಿಗೆ ಬಾಯಿ ಬರಲಿಲ್ಲ. ತಾನಾಗಿಯೇ ಬಂದಾಳು ಎಂದು ಕಾದ. ಕಾಯುತ್ತಲೇ ವರ್ಷಗಳು ಉರುಳಿದವು. ಜಗಳವಿಲ್ಲ, ಕದನವಿಲ್ಲ, ‘ಊಟಕ್ಕೆ ಬನ್ನಿ’, ‘ಬಂದೆ’ ಎಂಬಷ್ಟರಲ್ಲೇ ಸಂಸಾರ ಸಾಗಿತ್ತು. ಒಂಟಿತನ ಅವನನ್ನು ಒಳಗೊಳಗೇ ತಿನ್ನುತ್ತಿತ್ತು. ಆದರೆ ಹೆಂಡತಿ ಮನೆಯಲ್ಲೇ ಇರುವವನು ಒಂಟಿ ಎಂದರೆ ಯಾರು ನಂಬುತ್ತಾರೆ?

ಈಗ ಆ ಮುಚ್ಚಿದ ಬಾಗಿಲಿಗೆ ಮರ್ಯಾದಸ್ಥ ಕಾರಣವೊಂದು ಸಿಕ್ಕಿತು.

“ನಿಮ್ಮನೇಲೂ ಹೀಗೇನಾ?” ಎಂದು ಕೇಳಿದ ಕ್ಷೌರದಂಗಡಿಯವನು. “ನನ್ನವಳು ಬಾಗಿಲಿಗೆ ಬೆಂಚು ಅಡ್ಡ ಇಟ್ಟಿದ್ದಾಳೆ.”

“ಬೆಂಚಾ? ನೀನೇ ಪುಣ್ಯವಂತ ಕಣಪ್ಪ. ನಮ್ಮನೇಲಿ ಬೀರು!” ಎಂದು ದರ್ಜಿ ನಿಟ್ಟುಸಿರು ಬಿಟ್ಟ. ಬೀರು ಸುಳ್ಳು, ನಿಟ್ಟುಸಿರು ಅಪ್ಪಟ ನಿಜ.

ಅಂಗಡಿಯಲ್ಲಿದ್ದವರೆಲ್ಲ ಅವನ ಬೆನ್ನು ಸವರಿದರು, ಟೀ ಕುಡಿಸಿದರು. ಯಾರಾದರೂ ಹಾಗೆ ಮೈಮುಟ್ಟಿ ಮಾತಾಡಿಸಿ ಎಷ್ಟು ಕಾಲವಾಗಿತ್ತೋ, ಅವನ ಕಣ್ಣು ತುಂಬಿಬಂತು. ಅದನ್ನು ಕಂಡ ಗಂಡಂದಿರು ‘ಇವನೇ ನಮ್ಮ ನಾಯಕ’ ಎಂದು ಪುರಸಭೆಗೆ ಎಳೆದುಕೊಂಡೇ ಹೋದರು.

ಅಲ್ಲಿ ದರ್ಜಿ ಮಾಡಿದ್ದು ಭಾಷಣವಲ್ಲ, ಕರುಳು ಕಿತ್ತುಬರುವ ವಿಲಾಪ. “ಸ್ವಾಮಿ, ಪಕ್ಕದಲ್ಲಿ ಒಬ್ಬರು ಹೊರಳೋ ಸದ್ದೂ ಇಲ್ಲದೆ ಮಲಗೋದು ಅಂದ್ರೆ ಏನು ಗೊತ್ತಾ? ಹೊದಿಕೆ ಎಳ್ಕೊಳ್ಳೋರಿಲ್ಲ. ‘ಆ ಕಡೆ ಸರೀರಿ’ ಅನ್ನೋರಿಲ್ಲ...” ಸೋಫಾದಲ್ಲಿ ಮಲಗಿ ಬೆನ್ನು ಹಿಡಿದಿದ್ದ ಅಧ್ಯಕ್ಷರು ಕಣ್ಣೊರೆಸಿಕೊಂಡು ಬೀಗದ ಕೈ ತರಿಸಿದರು.

ಆಸ್ಪತ್ರೆ ತೆರೆಯಿತು. ಆ ಸಂಜೆ ಪೇಟೆಯ ಅಂಗಡಿಗಳೆಲ್ಲ ಬೇಗನೇ ಮುಚ್ಚಿದವು (ಯಾಕೆಂದು ಯಾರೂ ಕೇಳಲಿಲ್ಲ). ಊರಿಗೆಲ್ಲ ಬಂದ ಭಾಗ್ಯ ತನ್ನ ಮನೆಗೂ ಬಂದೀತು ಎಂಬ ಆಸೆಯಿಂದ ದರ್ಜಿಯೂ ಮನೆಗೆ ಓಡಿ, ಮಂಚದಲ್ಲಿ ಹೆಂಡತಿಯ ಜಾಗದ ಮೇಲೆ ರಾಶಿ ಬಿದ್ದಿದ್ದ ಬಟ್ಟೆ ತುಂಡುಗಳನ್ನು ತೆಗೆದು, ಹಾಸಿಗೆ ಕೊಡವಿದ.

ಹೆಂಡತಿ ಬೀನ್ಸಿನ ನಾರು ತೆಗೆಯುತ್ತ ಕೂತಿದ್ದಳು.

“ಮುಷ್ಕರ ಮುಗೀತಂತೆ,” ಎಂದ.

“ಹೂಂ, ಕೇಳ್ದೆ. ನಾನು ಸೇರಿರಲಿಲ್ಲ.”

“ಸೇರಿರಲಿಲ್ವಾ? ಯಾಕೆ?”

“ಸಂಘದವರು ಬಂದಿದ್ರು. ‘ಗಂಡ ಕರೆದಾಗ ಬರಲ್ಲ ಅಂದ್ಬಿಡಿ, ಅಷ್ಟೇ ಕೆಲಸ’ ಅಂದ್ರು. ನೀವು ಕರೆದ್ರೆ ತಾನೆ, ನಾನು ಬರಲ್ಲ ಅನ್ನೋದು?”

ಅವಳು ತಲೆಯೆತ್ತಿ ಅವನನ್ನೇ ನೋಡುತ್ತ ಕಾದಳು. ಕರೆಯಲು ಇದಕ್ಕಿಂತ ಒಳ್ಳೆಯ ಗಳಿಗೆ ಇನ್ನು ಬಾರದೆಂದು ದರ್ಜಿಗೂ ಗೊತ್ತಾಯಿತು. ಆದರೆ ಪುರಸಭೆಯನ್ನೇ ಅಳಿಸಿದ್ದ ನಾಲಿಗೆ ಅಂಗುಳಕ್ಕೆ ಅಂಟಿಕೊಂಡಿತು. ಹೇಗೋ ಬಾಯಿ ತೆರೆದ.

“ನಿನ್ನ ಕೋಣೇಲಿ ಫ್ಯಾನು ಸರಿಯಾಗಿ ತಿರುಗುತ್ತಾ?”

“ತಿರುಗುತ್ತೆ,” ಎಂದು ಅವಳು ಬುಟ್ಟಿ ಎತ್ತಿಕೊಂಡು ಅಡುಗೆಮನೆಗೆ ಹೋದಳು.