ಸಡಿಲ ಬಿಡದ ಮಾವನವರ ಶಾಲು

ನಮ್ಮ ಮಾವನವರು ಬದುಕಿನಲ್ಲಿ ಯಾರಿಗೂ ಸೋತವರಲ್ಲ, ಒಂದು ಉಂಡೆ ಉಲ್ಲನ್ ದಾರವನ್ನು ಬಿಟ್ಟರೆ! ಬೇಕಾದರೆ ನಮ್ಮೂರು ತೆಲಿಗಿಯಲ್ಲಿ ಯಾರನ್ನಾದರೂ ಕೇಳಿ. ಹೊರಸಿನ ಮೇಲೆ ಕೂತು ಮಾತ್ರ ಕೇಳಬೇಡಿ. ಊರಿನ ಹೊರಸುಗಳನ್ನೆಲ್ಲ, ಅಂದರೆ ಹಗ್ಗದ ಮಂಚಗಳನ್ನೆಲ್ಲ, ಹೆಣೆದವರು ಅವರೇ. ಒಂದು ಕಾಲನ್ನು ಚೌಕಟ್ಟಿಗೆ ಒತ್ತಿ, ಹಲ್ಲು ಕಚ್ಚಿ ಅವರು ಹಗ್ಗ ಜಗ್ಗಿದರೆ ಕಟ್ಟಿಗೆಯೇ ನರಳುತ್ತಿತ್ತು. ಅದರ ಮೇಲೆ ಮಲಗಿದವರ ಬೆನ್ನಿಗೆ ಬೆಳಗಾಗುವಷ್ಟರಲ್ಲಿ ಹಗ್ಗದ ಅಚ್ಚು! ತಿಳಿದ ಬೀಗರು ಚಾಪೆ ಕೇಳಿ ಪಡೆಯುತ್ತಿದ್ದರು. “ಸಡ್ಲ ಬಿಟ್ಟದ್ದೂ ಒಂದು ಕೆಲ್ಸೇನ?” ಎಂಬುದು ಅವರ ಸಿದ್ಧಾಂತ.

ಎಪ್ಪತ್ತರ ದಶಕದ ಕೊನೆಯ ಮಾತು. ನಾನು ಆ ಮನೆಗೆ ಹೊಸ ಸೊಸೆ. ಅತ್ತೆಯವರು ತೀರಿಕೊಂಡು ವರ್ಷ ತುಂಬಿರಲಿಲ್ಲ. ನನ್ನ ನಾದಿನಿ ಚೊಚ್ಚಲ ಹೆರಿಗೆಗೆಂದು ಚಳಿಗಾಲಕ್ಕೆ ತವರಿಗೆ ಬರುವವಳಿದ್ದಳು. ನಮ್ಮ ಕಡೆ ಮೊದಲ ಕೂಸಿಗೆ ಹೊದಿಸುವುದನ್ನು ತವರಿನ ಅವ್ವ ಕೈಯಾರೆ ಮಾಡಬೇಕು. ಪಕ್ಕದ ಮನೆಯಾಕೆ ಬಂದು, “ಕೌದಿ ನಾವು ಹೊಲದು ಕೊಡ್ತೀವಿ ಬಿಡಣ್ಣಾ” ಎಂದಳು. ನನಗೆ ಉಲ್ಲನ್ ಹೆಣಿಗೆ ಬರುತ್ತಿತ್ತು. ಶಾಲು ನಾನು ಹೆಣೆಯುತ್ತೇನೆಂದು ನಾನೂ ಬಾಯಿ ಹಾಕಿದೆ.

“ಅಕಿಗೆ ನೀ ಅತ್ತಿಗಿ, ಅವ್ವ ಅಲ್ಲ” ಎಂದರು ಮಾವ. “ಅವ್ವ ಇಲ್ಲ ಅಂತ ನನ್ನ ಮಗಳಿಗೆ ಅನಸಬಾರ್ದು. ನಾನ ಹೆಣೀತೀನಿ. ಕಲಸು.”

ಕಲಿಸುವುದು ಹೇಗೆ? ಸೊಸೆ ಮಾವನೆದುರು ಕೂರುವಂತಿಲ್ಲ, ಮುಖ ಕೊಟ್ಟು ನಿಲ್ಲುವಂತಿಲ್ಲ. ತಲೆ ಮೇಲೆ ಸೆರಗು ಹೊದ್ದು ನಾನು ಬಾಗಿಲ ಹಿಂದೆ, ಪಡಸಾಲೆಯಲ್ಲಿ ಅವರು. ನನ್ನ ಎರಡು ಕೈಗಳಷ್ಟೇ ಆಚೆ! ನೋಡಿದವರು ಈ ಮನೆಯ ಬಾಗಿಲಿಗೇ ಹೆಣಿಗೆ ಬರುತ್ತದೆ ಎಂದುಕೊಂಡಿರಬೇಕು.

ಮೊದಲ ದಿನವೇ ನನ್ನ ಪ್ಲಾಸ್ಟಿಕ್ ಕಡ್ಡಿಗಳು ಲಟಕ್ಕನೆ ಮುರಿದವು. ಮಾವ ಹರಪನಹಳ್ಳಿ ಬಸ್ಸು ಹತ್ತಿ, ಸೈಕಲ್ ಅಂಗಡಿಯ ಸಾಹೇಬರ ಮುಂದೆ ನಿಂತು ಉಕ್ಕಿನ ಕಡ್ಡಿ ಕೇಳಿದರು.

“ಬರೇ ಎರಡ ಕಡ್ಡಿ ಒಯ್ತೀರಲ್ರಿ ಕಾಕಾ, ಗಾಲಿ ಎಲ್ಲೈತಿ?”

“ಗಾಲಿಗಲ್ಲೋ ಮಾರಾಯಾ. ಶಾಲು ಹೆಣಿಯಾಕ.”

ಹೆಂಡತಿ ಕಳೆದುಕೊಂಡ ಗಂಡಸನ್ನು ಹೆಚ್ಚು ಕೆದಕಬಾರದೆಂದು ಸಾಹೇಬರು ಸುಮ್ಮನೆ ಕಡ್ಡಿಗಳ ತುದಿ ಉಜ್ಜಿ ನುಣುಪು ಮಾಡಿ ಕೊಟ್ಟರಂತೆ.

“ಸಡ್ಲ ಹಿಡೀರಿ ಮಾವಾರ” ಎಂದೆ ಬಾಗಿಲ ಹಿಂದಿನಿಂದ.

“ಹಿಡದೀನವಾ.”

ಎಲ್ಲಿಯ ಸಡಿಲ! ಆಚೆಯಿಂದ ಹೊರಸಿಗೆ ಹಗ್ಗ ಬಿಗಿಯುವಾಗಿನ ಅದೇ ಹೂಂಕಾರ. ಒಂದು ಸಾಲು ಮುಗಿಸಿ ಹಿಂದಿರುಗಿದರೆ ಕುಣಿಕೆಯೊಳಗೆ ಕಡ್ಡಿಯೇ ತೂರದು! ಗೋಣಿಚೀಲ ಹೊಲಿಯುವ ದಬ್ಬಳದಿಂದ ದಾರಿ ಬಿಡಿಸಿಕೊಂಡು ಮುಂದೆ ಸಾಗುತ್ತಿದ್ದರು. ಅರ್ಧ ಶಾಲು ಆಗುವ ಹೊತ್ತಿಗೆ ಅದನ್ನು ಗೋಡೆಗೆ ಆನಿಸಿದರೆ ನಿಂತುಕೊಳ್ಳುತ್ತಿತ್ತು.

ಪಕ್ಕದ ಮನೆಯಾಕೆ ಬೆರಳಲ್ಲಿ ಬಡಿದು ನೋಡಿದಳು. “ಇದೇನಣ್ಣಾ, ಹೊಚ್ಚಾಕ ಶಾಲೋ, ಹಿತ್ತಲ ಬಾಗಲಕ್ಕ ತಟ್ಟಿಯೋ?”

“ಜಗ್ಗಿ ನೋಡು! ಒಂದು ಎಳಿ ಹರದ್ರ ಮೀಸಿ ಬೋಳಸ್ತೀನಿ!”

ಮೀಸೆ ಉಳಿಯಿತು, ಬಿಡಿ. ಬಿಚ್ಚಿ ಹೊಸದಾಗಿ ಹೆಣೆಯೋಣವೆಂದರೆ, ಹೆಣೆದದ್ದನ್ನು ಬಿಚ್ಚಿದ ಚರಿತ್ರೆಯೇ ಅವರಲ್ಲಿಲ್ಲ.

ಅಷ್ಟರಲ್ಲಿ ನಾದಿನಿ ಬಂದಳು, ಹೆಣ್ಣು ಕೂಸೂ ಬಂತು. ಮಾವ ಕಡ್ಡಿ ಸಮೇತ ಅರ್ಧ ಶಾಲನ್ನೇ ತಂದು, “ಹೊಚ್ಚಿ ನೋಡವಾ” ಎಂದರು. ಹೊದಿಸಿದ್ದೇ ತಡ, ಕೂಸು ಕಿಟಾರನೆ ಕಿರುಚಿತು. ಕೆನ್ನೆ ಕೆಂಪಾಯಿತು. ನಾದಿನಿ ಗಾಬರಿಯಲ್ಲಿ, “ಅವ್ವ ಇದ್ದಿದ್ರ...” ಎಂದವಳು ನಾಲಿಗೆ ಕಚ್ಚಿಕೊಂಡಳು. ಮಾವ ಶಾಲು ಎತ್ತಿಕೊಂಡು ಹೊರಗೆ ಹೋದರು. ಅಲ್ಲಿಯವರೆಗೆ ನಗುತ್ತಿದ್ದ ನನಗೆ ಆವತ್ತು ನಗು ಬರಲಿಲ್ಲ.

ಬಾಣಂತಿಗೆ ನೀರೆರೆಯುವ ಹೊತ್ತಿನಲ್ಲಿ ಕೂಸನ್ನು ಮಾವನ ತೊಡೆಯ ಮೇಲೆ ಮಲಗಿಸುತ್ತಿದ್ದೆವು. ಒಂದು ದಿನ ಬಚ್ಚಲಿನಿಂದ ಬಾಣಂತಿಯ ಅಗ್ಗಿಷ್ಟಿಕೆಗೆ ಕೆಂಡ ಒಯ್ಯುತ್ತಿದ್ದವಳು ಪಡಸಾಲೆಯ ಬಾಗಿಲಲ್ಲೇ ನಿಂತೆ. ಕೂಸು ತೊಡೆಯ ಮೇಲೆ ನಿದ್ದೆ ಹೋಗಿದೆ. ಮಾವ ಅದರ ಮೇಲೆಯೇ ಕಡ್ಡಿ ಆಡಿಸುತ್ತಿದ್ದಾರೆ. ಕಾಲು ಒತ್ತಲು ಚೌಕಟ್ಟಿಲ್ಲ, ಹೂಂಕಾರವಿಲ್ಲ. ದಾರ ಬೆರಳ ಮೇಲೆ ಸುಮ್ಮನೆ ಹರಿಯುತ್ತಿದೆ.

ಬಾಗಿಲು, ಸೆರಗು ಎರಡೂ ಮರೆತು ಎದುರಿಗೇ ಹೋಗಿಬಿಟ್ಟೆ. “ಮಾವಾರ, ಸಡ್ಲ ಬಂದೈತ್ರಿ!”

“ಮೆಲ್ಲಕ ಮಾತಾಡವಾ. ಜಗ್ಗಿದ್ರ ಕೂಸಿಗೆ ಎಚ್ಚರ ಆಕ್ಕೈತಿ.”

ಹೀಗೆ ಶಾಲು ಮುಗಿಯಿತು. ಅರ್ಧ ತಟ್ಟಿ, ಅರ್ಧ ಬೆಣ್ಣೆ! ಮೊಮ್ಮಗಳು ತೊಡೆಗೆ ಬಂದದ್ದು ಯಾವ ಸಾಲಿನಿಂದ ಎಂದು ಕುರುಡರೂ ಮುಟ್ಟಿ ಹೇಳಬಹುದಿತ್ತು. ನಾದಿನಿ ಗಟ್ಟಿ ಭಾಗವನ್ನು ಗಾಳಿಗೆ ಅಡ್ಡವಾಗಿ ಹೊರಗೆ ಮಾಡಿ, ಮೆತ್ತನೆಯದನ್ನು ಕೂಸಿನ ಮೈಗೆ ಸುತ್ತಿದಳು. ಅದು ಕಿರುಚಲಿಲ್ಲ.

ನಮ್ಮ ಕಡೆ ಮಗಳು ಗಂಡನ ಮನೆಗೆ ಹೊರಡುವಾಗ ಅವ್ವನ ಕೊರಳಿಗೆ ಬಿದ್ದು ಅಳುತ್ತಾಳೆ. ಅಪ್ಪನಾದವನು ಅಷ್ಟು ಹೊತ್ತಿಗೆ ಬಸ್ಸು ಬಂತೇನೋ ನೋಡುತ್ತೇನೆಂದು ತಪ್ಪಿಸಿಕೊಂಡಿರುತ್ತಾನೆ. ನಾದಿನಿ ಹೊರಟ ದಿನ ಮಾವನೂ ಹಾಗೇ ಅಂಗಳ ದಾಟುತ್ತಿದ್ದರು. ನಾದಿನಿ ಕೂಸನ್ನು ನನ್ನ ಕೈಗಿತ್ತು, ಹಿಂದಿನಿಂದ ಓಡಿ ಅವರ ಕೊರಳನ್ನು ತಬ್ಬಿ, “ಯವ್ವಾ!” ಎಂದು ಅತ್ತಳು.

ಮಾವ “ಓ” ಎಂದು ಓಗೊಟ್ಟರು.