ಆದವಾನಿ ಬಂಗಲೆಯ ಕೊಳವೆಗಳ ಸದ್ದನ್ನು ಮುಂದುವರಿಸುವ ಬಗ್ಗೆ

ಸುತ್ತೋಲೆ ಸಂಖ್ಯೆ: ಕೊ.ಸ. ೪೧/೧೯೩೮
ಕ್ಯಾಂಪ್: ಆದವಾನಿ, ದಿನಾಂಕ ೧೯–೧೨–೧೯೩೮

ವಿಷಯ: ಹಬೆ ಕೊಳವೆಗಳಲ್ಲಿ ಏಳುತ್ತಿದ್ದ ಸದ್ದು ಅಪ್ಪಣೆಯಿಲ್ಲದೆ ನಿಂತುಹೋದ ಕುರಿತು.

ಓದಲಾಗಿದೆ: (೧) ಸದ್ದು ಇದೆ ಎಂಬ ದೂರು. (೨) ಸದ್ದು ಇಲ್ಲ ಎಂಬ ದೂರು. (೩) ಸದ್ದು ವೀಕ್ಷಕ ಉಚ್ಚೀರಪ್ಪನ ಹೇಳಿಕೆ.

೧. ಊಟಿಯ ಬಂಗಲೆಗೆಂದು ಬರೆದ ನಕ್ಷೆಯು ದಾರಿ ತಪ್ಪಿ ಆದವಾನಿಗೆ ಬಂದು, ಅದನ್ನು ಹಿಂದಿರುಗಿಸುವುದಕ್ಕಿಂತ ಕಟ್ಟಿಬಿಡುವುದೇ ಸುಲಭವೆಂದು ಕಂಡುಬಂದುದರಿಂದ, ಇಲ್ಲಿನ ಬಂಗಲೆಗೆ ಬಾಯ್ಲರು, ಕೊಳವೆ ಮತ್ತು ಕೋಣೆಗೊಂದರಂತೆ ರೇಡಿಯೇಟರು, ಅಂದರೆ ಹಬೆ ತುಂಬಿ ಕೋಣೆಯನ್ನು ಬೆಚ್ಚಗಿಡುವ ಕಬ್ಬಿಣದ ಪೆಟ್ಟಿಗೆ, ಅಳವಡಿಸಲಾಗಿರುವುದು ಸರಿಯಷ್ಟೆ. ಆದವಾನಿಯಲ್ಲಿ ಅಂಥ ಚಳಿಯೇ ಇಲ್ಲವೆಂಬ ಸ್ಥಳೀಯ ಅಭಿಪ್ರಾಯವನ್ನು ಗಮನಿಸಲಾಗಿದೆ, ಒಪ್ಪಲಾಗಿಲ್ಲ. ನವೆಂಬರ್ ಒಂದರಿಂದ ಬಾಯ್ಲರಿಗೆ ಬೆಂಕಿ ಹಾಕತಕ್ಕದ್ದು. ತಂಗಿದವರು ಅಂಗಿ ಬಿಚ್ಚಿ ಸಹಕರಿಸತಕ್ಕದ್ದು.

೨. ಹಬೆ ಹರಿದಾಗಲೆಲ್ಲ ಕೊಳವೆಗಳು ಕಮ್ಮಾರಸಾಲೆಯಂತೆ ಬಡಿದುಕೊಳ್ಳುತ್ತಿದ್ದುದರಿಂದ, ಆ ಸದ್ದಿನ ಮೇಲೆ ಕಣ್ಣಿಡಲು ಹೊಳಗುಂದದ ಉಚ್ಚೀರಪ್ಪನನ್ನು ‘ಸದ್ದು ವೀಕ್ಷಕ’ನಾಗಿ ನೇಮಿಸಲಾಗಿತ್ತು. ಹುದ್ದೆಯ ಅವಧಿ: ಸದ್ದು ಇರುವ ತನಕ. ವಾಸಕ್ಕೆ ಬಂಗಲೆಯ ಹಿಂದಿನ ಕೋಣೆ: ಹುದ್ದೆ ಇರುವ ತನಕ.

೩. ಸದರಿ ಉಚ್ಚೀರಪ್ಪನು, ಹಿಂದೆ ಹತ್ತಿ ಬಿಡಿಸುವ ಜಿನ್ನಿನ ಬಾಯ್ಲರಿನಲ್ಲಿ ದುಡಿದ ಅನುಭವವನ್ನು ದುರುಪಯೋಗಪಡಿಸಿಕೊಂಡು, ಪ್ರತಿ ರೇಡಿಯೇಟರಿನ ಒಂದು ಕಡೆಯ ಕಾಲಿಗೆ ಜಾಲಿ ಕಟ್ಟಿಗೆಯ ಚಕ್ಕೆ ಕೊಟ್ಟು, ಅದನ್ನು ವಾರೆ ಮಾಡಿ, ಒಳಗೆ ನಿಂತ ನೀರು ಇಳಿದುಹೋಗುವಂತೆ ಮಾಡಿದ್ದಾನೆ. ಎರಡು ಚಳಿಗಾಲ ಏಳು ಕಚೇರಿಗಳು ಪತ್ರ ಬರೆದರೂ ಜಗ್ಗದ ಸದ್ದು, ಬೆರಳಷ್ಟು ಚಕ್ಕೆಗೆ ನಿಂತುಹೋಗಿರುವುದು ಅಶಿಸ್ತೆಂದು ಪರಿಗಣಿಸಲಾಗಿದೆ.

೪. ಕಾರಣ ಕೇಳಲಾಗಿ ಅವನು ಕೊಟ್ಟ ಹೇಳಿಕೆ: “ನನ್ನ ಹೆಂಡ್ತಿ ಗಂಗಕ್ಕ ಹಡದು ಹನ್ನೆರಡು ದಿನ ಆತ್ರಿ. ಕೊಳವಿ ನಮ್ಮ ಗ್ವಾಡಿ ಒಳಗಿಂದಾನ ಹೋಗತೈತಿ. ಒಂದು ಏಟು ಬಿದ್ರ ಕೂಸು ಬೆಚ್ಚಿ ಬೀಳತೈತ್ರಿ. ತಾಯಿ, ಕೂಸು ಇಬ್ರೂ ನಿದ್ದಿ ಇಲ್ದ ಸೊರಗ್ಯಾರ. ನಿಂತ ನೀರಿಗೆ ಹಬಿ ಬಂದು ಬಡೀತಿತ್ತು, ವಾರಿ ಮಾಡ್ದೆ, ಅಷ್ಟಾ. ಸದ್ದು ಹೋದ್ರ ನೌಕರಿ ಹೋಗತೈತಂತ ಗೊತ್ತಿತ್ರಿ. ಆಕಿ ಮಾರಿ ನೋಡಿ ಸುಮ್ಕ ಕುಂದ್ರಾಕ ಆಗ್ಲಿಲ್ಲ.” ಇದನ್ನು ಬರೆದುಕೊಳ್ಳುವಾಗ ಬಂಗಲೆಯ ಗುಮಾಸ್ತ ರೇವಣಸಿದ್ದಯ್ಯನವರ ಕಣ್ಣಿನಿಂದ ಕಾಗದದ ಮೇಲೆ ಬಿದ್ದ ಹನಿಯನ್ನು ಬೆವರೆಂದು ದಾಖಲಿಸಲಾಗಿದೆ.

೫. ಸದ್ದನ್ನು ಪರಿಶೀಲಿಸಲು ಮೇಲಧಿಕಾರಿಗಳ ಭೇಟಿ ನಿಗದಿಯಾಗಿದ್ದುದರಿಂದ, ಸದ್ದನ್ನು ಪೂರ್ವಸ್ಥಿತಿಗೆ ತರಲು ಆಜ್ಞಾಪಿಸಲಾಯಿತು. ಚಕ್ಕೆಗಳನ್ನು ತೆಗೆಯುವಂತಿರಲಿಲ್ಲ, ಅಪ್ಪಣೆಯಿಲ್ಲದೆ ಇಟ್ಟದ್ದನ್ನು ತೆಗೆಯಲು ಅಪ್ಪಣೆ ಕೊಡುವ ನಿಯಮವೇ ಇಲ್ಲ. ಆದಕಾರಣ ಉಚ್ಚೀರಪ್ಪನೇ ಸುತ್ತಿಗೆಯಿಂದ ನಿಮಿಷಕ್ಕೆ ಹದಿನಾಲ್ಕು ಏಟಿನಂತೆ ಕೊಳವೆಯನ್ನು ಬಡಿಯಬೇಕೆಂದೂ, ಬಡಿಯುವಾಗ ತಾನು ಅಲ್ಲಿ ಇಲ್ಲದಂತೆ ಇರಬೇಕೆಂದೂ ಸೂಚಿಸಲಾಯಿತು. ಅವನು ಸುತ್ತಿಗೆ ಎತ್ತಿದನು. ಗೋಡೆಯಾಚೆ ಮಗಳು ಆಗತಾನೆ ಕಣ್ಣು ಮುಚ್ಚಿದ್ದಳು. ನೌಕರಿಯೂ ಕೋಣೆಯೂ ಕಣ್ಣೆದುರಿಗೆ ಬಂದವು. ಆದರೂ ಸುತ್ತಿಗೆಯನ್ನು ಸದ್ದಾಗದಂತೆ ಕೆಳಗಿಟ್ಟನು. ಸದ್ದಾಗದಂತೆ ಇಟ್ಟದ್ದು ಎರಡನೆಯ ಅಪರಾಧ.

೬. ದಿನಾಂಕ ೧೭ರ ಮಧ್ಯಾಹ್ನ ಪರಿಶೀಲನಾಧಿಕಾರಿಗಳು ರೇಡಿಯೇಟರಿನ ಮೇಲೆ ಟವಲು ಮಡಿಸಿಟ್ಟು ಅದಕ್ಕೆ ಕಿವಿಯಾನಿಸಿ ಕುಳಿತರು. ಟವಲು ಕಾದಿತು, ಕಿವಿ ಕೆಂಪಾಯಿತು, ಸದ್ದು ಬರಲಿಲ್ಲ. ಹುದ್ದೆಯನ್ನು ರದ್ದುಪಡಿಸುವ ಕಾಗದವನ್ನು ತೊಡೆಯ ಮೇಲಿಟ್ಟುಕೊಂಡು ಪೆನ್ನಿನ ಮುಚ್ಚಳ ತೆಗೆದರು. ಉಚ್ಚೀರಪ್ಪ ಬಾಗಿಲ ಬಳಿ ನೆಲ ನೋಡುತ್ತ ನಿಂತಿದ್ದನು. ಆಗ ಕೊಳವೆಯೊಳಗಿಂದ ನೀಳವಾದ, ಏರುತ್ತ ಹೋಗುವ, ಯಾವ ಕಚೇರಿಗೂ ಬಗ್ಗದ ಒಂದು ಸದ್ದು ಬಂಗಲೆಯ ಮೂರೂ ಕೋಣೆಗಳಲ್ಲಿ ಒಟ್ಟಿಗೆ ಮೊಳಗಿತು. ಗೋಡೆಯಾಚೆ ಕೂಸಿಗೆ ಹಸಿವಾಗಿತ್ತು. ಇದೇನೆಂದು ಅಧಿಕಾರಿಗಳು ಕೇಳಲಾಗಿ ರೇವಣಸಿದ್ದಯ್ಯನವರು, “ಕೊಳವ್ಯಾಗಿಂದ ಬಂದ ಸದ್ದು ಕೊಳವಿ ಸದ್ದಾ ಅಲ್ಲೇನ್ರೀ ಸಾಹೇಬ್ರ?” ಎಂದು ತಲೆ ಎತ್ತದೆ ನುಡಿದ ಸಾಕ್ಷ್ಯವನ್ನು ಸ್ವೀಕರಿಸಲಾಗಿದೆ. ಕಾಗದವನ್ನು ಬೀಸಣಿಕೆಯಾಗಿ ಬಳಸಲಾಗಿದೆ.

೭. ಆದ್ದರಿಂದ, ಸದ್ದು ನಿಂತಿಲ್ಲವೆಂದೂ, ಅದರ ಸ್ವರ ಮಾತ್ರ ಬದಲಾಗಿದೆಯೆಂದೂ ಸಂಬಂಧಪಟ್ಟವರೆಲ್ಲರಿಗೂ ಈ ಮೂಲಕ ಸೂಚಿಸಲಾಗಿದೆ. ಸದ್ದು ವೀಕ್ಷಕನ ಹುದ್ದೆಯೂ ಹಿಂದಿನ ಕೋಣೆಯೂ ಯಥಾಪ್ರಕಾರ ಮುಂದುವರಿಯತಕ್ಕದ್ದು. ಬೇಗನೆ ನಿಲ್ಲುವ ಲಕ್ಷಣವಿಲ್ಲವೆಂದು ಗಂಗಕ್ಕನ ತಜ್ಞಾಭಿಪ್ರಾಯ. ಈ ಸದ್ದನ್ನು ದುರಸ್ತಿ ಮಾಡುವ ಅಧಿಕಾರವು ಆಕೆಗಲ್ಲದೆ ಇಲಾಖೆಯ ಬೇರಾವ ನೌಕರನಿಗೂ ಇರುವುದಿಲ್ಲ.

ಕರಡು: ರೇವಣಸಿದ್ದಯ್ಯ, ಗುಮಾಸ್ತ
ಸಹಿ: ಇಲಾಖಾ ಮುಖ್ಯಸ್ಥರು (ಓದದೆ ಹಾಕಿದ್ದು)

ಪ್ರತಿಗಳು:
೧. ಏಳೂ ಕಚೇರಿಗಳಿಗೆ, ಪತ್ರವ್ಯವಹಾರ ಮುಂದುವರಿಸಲು.
೨. ಉಚ್ಚೀರಪ್ಪನಿಗೆ, ಓದಿ ಹೇಳುವವರ ಮೂಲಕ, ಮೆಲ್ಲಗೆ.
೩. ಗಂಗಕ್ಕನಿಗೆ, ಬಿಡುವಾದಾಗ.
೪. ಕೂಸಿಗೆ: ಮಲಗಿರುವುದರಿಂದ ಜಾರಿ ಮಾಡಿಲ್ಲ.